ಕಾಂಪೋಸಿಟ್ ಫಿಲ್ಲಿಂಗ್ ಪಾಲಿಶ್: ಯಾವುದಾದ ಮೇಲೆ ಯಾವುದು

ಕಿರಿಯ ದಂತವೈದ್ಯರು ನನಗೆ ಕಳಿಸುವ ಫೋಟೋಗಳಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತಿದೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಮಾಡಿದ ದಿನ ಚೆನ್ನಾಗಿ ಹೊಳೆಯುತ್ತದೆ. ಮೂರು ತಿಂಗಳಿಗೆ ಅಂಚಿನಲ್ಲಿ ಕಂದು ಗೆರೆ ಬರುತ್ತದೆ. ಆರು ತಿಂಗಳಿಗೆ ಮೇಲ್ಮೈ ಮಂಕಾಗುತ್ತದೆ. ಪೇಶೆಂಟ್ ವಾಪಸ್ ಬಂದು "ಡಾಕ್ಟ್ರೇ, ನಾಲಿಗೆಗೆ ತರಿತರಿ ತಾಗ್ತದೆ" ಅನ್ನುತ್ತಾರೆ. ಫೋಟೋದ ಕೆಳಗೆ ಪ್ರಶ್ನೆಯೂ ಒಂದೇ: "ಯಾವ ಪೇಸ್ಟ್ ಒಳ್ಳೇದು ಮೇಡಂ?"

ತೊಂದರೆ ಪಾಲಿಶ್ ಪೇಸ್ಟ್‌ನದ್ದಲ್ಲ, ಕ್ರಮದ್ದು. ಒಂದು ಹಂತ ಬಿಟ್ಟು ಮುಂದಿನದಕ್ಕೆ ಹಾರಿದರೆ ಹಿಂದಿನ ಉಪಕರಣ ಬಿಟ್ಟ ಗೀರು ಅಲ್ಲೇ ಉಳಿಯುತ್ತದೆ. ಮೇಲೆ ಎಷ್ಟು ಪೇಸ್ಟ್ ಉಜ್ಜಿದರೂ ಅದು ಹೋಗುವುದಿಲ್ಲ, ಆ ದಿನಕ್ಕೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ದೇರಳಕಟ್ಟೆಯಲ್ಲೋ ಮಣಿಪಾಲದಲ್ಲೋ ಓದು ಮುಗಿಸಿ, ಈಗ ತಾನೇ ಸ್ವಂತ ಕುರ್ಚಿಯ ಪಕ್ಕ ಕೂತವರಿಗಾಗಿ ಇದನ್ನು ಬರೆದಿದ್ದೇನೆ. ಪೇಶೆಂಟ್ ಆಗಿ ಓದುವವರಿಗೆ, ಫಿಲ್ಲಿಂಗ್ ಆದ ಮೇಲೂ ಡಾಕ್ಟ್ರು ಯಾಕೆ ಅಷ್ಟು ಹೊತ್ತು ಉಜ್ಜುತ್ತಾರೆ ಅನ್ನುವುದು ಗೊತ್ತಾದೀತು.

## ಗೀರಿನ ಲೆಕ್ಕ

ಪಾಲಿಶ್ ಅಂದರೆ ದೊಡ್ಡ ಗೀರು ಅಳಿಸಿ ಅದರ ಜಾಗದಲ್ಲಿ ಸಣ್ಣ ಗೀರು ಹಾಕುವುದು. ಪ್ರತಿ ಹಂತಕ್ಕೂ ಒಂದೇ ಕೆಲಸ: ಹಿಂದಿನ ಹಂತ ಬಿಟ್ಟ ಗೀರನ್ನು ತೆಗೆಯುವುದು. ಎರಡು ಹಂತಗಳ ಕೆಲಸವನ್ನು ಒಂದರ ಕೈಯಲ್ಲಿ ಮಾಡಿಸಲು ಆಗುವುದಿಲ್ಲ.

ನಮಗೆ ಬೇಕಾದ ಗುರಿ ಸುಮಾರು 0.2 ಮೈಕ್ರಾನ್. ಮೇಲ್ಮೈಯ ಸರಾಸರಿ ಒರಟುತನ ಇದಕ್ಕಿಂತ ಜಾಸ್ತಿಯಾದರೆ ಅಲ್ಲಿ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾದ ಅಂಟು ಪದರ, ಹೆಚ್ಚು ಕೂರುತ್ತದೆ. ಒಂದು ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನಾವು ಎಷ್ಟು ಸಣ್ಣ ಅಳತೆಯಲ್ಲಿ ಕೆಲಸ ಮಾಡುತ್ತಿದ್ದೇವೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಇನ್ನೊಂದು ವಿಷಯ ತಲೆಯಲ್ಲಿರಲಿ. ಕಾಂಪೋಸಿಟ್‌ನಲ್ಲಿ ಎರಡು ವಸ್ತುಗಳಿವೆ: ಪ್ಲಾಸ್ಟಿಕ್‌ನಂಥ ಮೆತ್ತಗಿನ ರೆಸಿನ್, ಅದರೊಳಗೆ ಗಟ್ಟಿ ಫಿಲ್ಲರ್ ಕಣಗಳು. ಉಜ್ಜುವ ವಸ್ತು ಫಿಲ್ಲರ್‌ಗಿಂತ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ರೆಸಿನ್ ಮಾತ್ರ ಸವೆದು ಫಿಲ್ಲರ್ ಎದ್ದು ನಿಲ್ಲುತ್ತದೆ, ಮಳೆಗೆ ಮಣ್ಣು ಕೊಚ್ಚಿಹೋಗಿ ಅಂಗಳದಲ್ಲಿ ಜಲ್ಲಿ ಮಾತ್ರ ಉಳಿದ ಹಾಗೆ. ಅದಕ್ಕೇ ಹಲ್ಲು ಕ್ಲೀನ್ ಮಾಡುವ ಪ್ಯೂಮಿಸ್ ಪೇಸ್ಟ್ ಇಲ್ಲಿ ಬೇಡ. ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಡೈಮಂಡ್ ಇರುವುದೇ ಬೇಕು.

## ಟ್ರೇಯಲ್ಲಿ ಏನಿರಬೇಕು

ಕೆಲಸ ಶುರುವಾದ ಮೇಲೆ ಡ್ರಾಯರ್ ಹುಡುಕುವ ಹಾಗಿರಬಾರದು. ಕೈಗೆ ಸಿಗದ ಹಂತವನ್ನೇ ನಾವು ಬಿಟ್ಟುಬಿಡುವುದು.

ಏರೋಟರ್‌ಗೆ (ಅತಿ ವೇಗದ ಡ್ರಿಲ್) ಕೆಂಪು ಪಟ್ಟಿ ಮತ್ತು ಹಳದಿ ಪಟ್ಟಿಯ ಡೈಮಂಡ್ ಬರ್‌ಗಳು, ಅಂದರೆ ಕೊರೆಯುವ ತುದಿಗಳು, ಬೇಕು. ಜ್ವಾಲೆಯ ಆಕಾರದ್ದೊಂದು, ಮೊಟ್ಟೆಯ ಆಕಾರದ್ದೊಂದು ಇದ್ದರೆ ಸಾಕು. ಕಾರ್ಬೈಡ್ ಇಷ್ಟಪಡುವವರು 12 ಅಲಗಿನದು ಮತ್ತು 30 ಅಲಗಿನದು ಇಟ್ಟುಕೊಳ್ಳಿ. ಮೈಕ್ರೋಮೋಟರ್‌ಗೆ (ನಿಧಾನ ವೇಗದ ಡ್ರಿಲ್) ನಾಲ್ಕು ಹಂತದ ಡಿಸ್ಕ್‌ಗಳು, ರಬ್ಬರ್ ಕಪ್ ಮತ್ತು ಪಾಯಿಂಟ್, ಒಂದು ಬ್ರಷ್, ಒಂದು ಫೆಲ್ಟ್. ಸಂದಿಗೆ ಫಿನಿಶಿಂಗ್ ಸ್ಟ್ರಿಪ್, 12ನೇ ನಂಬರ್ ಬ್ಲೇಡ್, ಮೇಣ ಹಚ್ಚದ ಫ್ಲಾಸ್. ಬೈಟ್, ಅಂದರೆ ಮೇಲಿನ ಕೆಳಗಿನ ಹಲ್ಲು ಕಚ್ಚಿ ಕೂಡುವುದನ್ನು ನೋಡಲು, ಕಚ್ಚಿದ ಕಡೆ ಗುರುತು ಬಿಡುವ ಎರಡು ಬಣ್ಣದ ಆರ್ಟಿಕ್ಯುಲೇಟಿಂಗ್ ಪೇಪರ್. 40 ಮೈಕ್ರಾನ್ ಅಥವಾ ಅದಕ್ಕಿಂತ ತೆಳ್ಳಗಿರಲಿ. 200 ಮೈಕ್ರಾನ್‌ನ ದಪ್ಪ ಪೇಪರ್ ಎಲ್ಲೆಲ್ಲೂ ಗುರುತು ಬಿಟ್ಟು ದಾರಿ ತಪ್ಪಿಸುತ್ತದೆ.

ಜೊತೆಗೆ ಒಂದು ಸಾದಾ ಪೆನ್ಸಿಲ್. ಅದರ ಉಪಯೋಗ ಮುಂದೆ ಹೇಳುತ್ತೇನೆ. ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಇದ್ದರೆ ಹಾಕಿಕೊಳ್ಳಿ. 2.5 ಪಟ್ಟು ದೊಡ್ಡದಾಗಿ ಕಂಡರೂ ಅಂಚಿನ ಕೆಲಸ ಎಷ್ಟೋ ಸುಧಾರಿಸುತ್ತದೆ.

ಮಾಸ್ಕ್ ಮತ್ತು ಸಕ್ಷನ್ ಮರೆಯಬೇಡಿ. ಕಾಂಪೋಸಿಟ್ ಧೂಳು ತುಂಬಾ ಸಣ್ಣದು. ದಿನವಿಡೀ ಅದನ್ನು ಉಸಿರಾಡುವವರು ನೀವು ಮತ್ತು ನಿಮ್ಮ ಸಿಸ್ಟರ್.

## 1. ಲೈಟ್ ಹಿಡಿಯುವ ಮೊದಲೇ ಅರ್ಧ ಫಿನಿಶಿಂಗ್

ಅತಿ ಒಳ್ಳೆಯ ಫಿನಿಶಿಂಗ್ ಅಂದರೆ ಕಡಿಮೆ ಫಿನಿಶಿಂಗ್. ಕಾಂಪೋಸಿಟ್ ಗಟ್ಟಿಯಾಗುವುದು ಲೈಟ್ ಹಿಡಿದ ಮೇಲೆ. ಮೆತ್ತಗಿರುವಾಗಲೇ ಬ್ರಷ್‌ನಿಂದ ಎಳೆದು, ಹೆಚ್ಚಿನದನ್ನು ತೆಗೆದು, ಅಂಚನ್ನು ಹಲ್ಲಿಗೆ ಸೇರಿಸಿಬಿಡಿ. ಗಟ್ಟಿಯಾದ ಮೇಲೆ ಹತ್ತು ನಿಮಿಷ ಹಿಡಿಯುವ ಕೆಲಸ ಆಗ ಅರ್ಧ ನಿಮಿಷದ್ದು.

ಮೈಲಾರ್ ಸ್ಟ್ರಿಪ್ (ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ) ಒತ್ತಿ ಲೈಟ್ ಹಿಡಿದರೆ ಗಾಜಿನಂಥ ನಯ ಬರುತ್ತದೆ. ಅದನ್ನೇ ನಂಬಿ ಬಿಡಬೇಡಿ. ಆ ಮೇಲಿನ ಪದರದಲ್ಲಿ ರೆಸಿನ್ ಜಾಸ್ತಿ, ಹಾಗಾಗಿ ಬೇಗ ಸವೆಯುತ್ತದೆ, ಕಲೆಯೂ ಬೇಗ ಹಿಡಿಯುತ್ತದೆ.

ಸ್ಟ್ರಿಪ್ ಇಲ್ಲದ ಜಾಗದಲ್ಲಿ ಗಾಳಿಯ ಆಮ್ಲಜನಕ ತಾಗಿ ಮೇಲ್ಪದರ ಪೂರ್ತಿ ಗಟ್ಟಿಯಾಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಕೊನೆಯ ಸಲ ಲೈಟ್ ಹಿಡಿಯುವ ಮುನ್ನ ಮೇಲೆ ಗ್ಲಿಸರಿನ್ ಜೆಲ್ ಹಚ್ಚಿ, ಅದರ ಮೂಲಕವೇ ಲೈಟ್ ಹಿಡಿಯಿರಿ. ಈ ಹಂತ ಬಿಟ್ಟವರ ಡಿಸ್ಕ್ ಮೊದಲ ಸುತ್ತಿಗೇ ಮೆತ್ತಿಕೊಳ್ಳುತ್ತದೆ.

ಎಚ್ಚರಿಕೆಯ ಗುರುತು: ಡಿಸ್ಕ್ ಮುಟ್ಟಿಸಿದಾಗ ಪುಡಿ ಬರುವ ಬದಲು ಅಂಟಿನ ಹಾಗೆ ಉಂಡೆ ಬಂದರೆ ಫಿಲ್ಲಿಂಗ್ ಸರಿಯಾಗಿ ಗಟ್ಟಿಯಾಗಿಲ್ಲ. ಅಲ್ಲೇ ನಿಲ್ಲಿಸಿ. ಲೈಟ್‌ನ ತುದಿಯಲ್ಲಿ ಹಳೇ ಕಾಂಪೋಸಿಟ್ ಅಂಟಿದೆಯಾ ನೋಡಿ, ರೇಡಿಯೋಮೀಟರ್‌ನಲ್ಲಿ ಬೆಳಕಿನ ಬಲ ಅಳೆಯಿರಿ. ಅರೆಬೆಂದ ಕಾಂಪೋಸಿಟ್‌ಗೆ ಹೊಳಪು ಬರುವುದೇ ಇಲ್ಲ.

## 2. ಗಾಳಿ ಒಣಗಿದೆಯಾ ನೋಡಿ

ಇದು ನಮ್ಮ ಕರಾವಳಿಯವರಿಗೆ ವಿಶೇಷವಾಗಿ ಹೇಳಬೇಕಾದ ಹಂತ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರಿನ ಗಾಳಿಯಲ್ಲಿ ನೀರೇ ಜಾಸ್ತಿ. ಕಂಪ್ರೆಸರ್ ಅದೇ ಗಾಳಿಯನ್ನು ಎಳೆದು ಒತ್ತುತ್ತದೆ, ಟ್ಯಾಂಕ್‌ನ ತಳದಲ್ಲಿ ನೀರು ನಿಲ್ಲುತ್ತದೆ. ನೀವು ಹಲ್ಲು ಒಣಗಿಸುತ್ತಿದ್ದೇನೆ ಅಂದುಕೊಂಡು ಸಿರಿಂಜ್ ಒತ್ತುತ್ತೀರಿ, ಅದು ಸಣ್ಣ ಮಂಜು ಬಿಡುತ್ತದೆ.

ಪರೀಕ್ಷೆ ಸುಲಭ. ಬಾಯಿಯ ಕನ್ನಡಿಯ ಮೇಲೆ ಐದು ಸೆಕೆಂಡ್ ಬರೀ ಗಾಳಿ ಬಿಡಿ. ಕನ್ನಡಿಯ ಮೇಲೆ ಹನಿ ಅಥವಾ ಎಣ್ಣೆಯ ಪಸೆ ಕಂಡರೆ ಕಂಪ್ರೆಸರ್‌ನ ನೀರು ತೆಗೆಯಿರಿ. ಮಳೆಗಾಲದಲ್ಲಿ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು ಸಲ ತೆಗೆಯುವ ಅಭ್ಯಾಸ ನಮ್ಮ ಕ್ಲಿನಿಕ್‌ನಲ್ಲಿದೆ. ಫಿಲ್ಲಿಂಗನ್ನು ಹಲ್ಲಿಗೆ ಅಂಟಿಸುವ ಬಾಂಡಿಂಗ್‌ಗಂತೂ ಇದು ಬೇಕೇ ಬೇಕು. ಪಾಲಿಶ್‌ಗೆ ಯಾಕೆ ಅಂದರೆ, ಒದ್ದೆ ಮೇಲ್ಮೈ ಯಾವಾಗಲೂ ಹೊಳೆಯುತ್ತದೆ. ನಿಜವಾದ ಗೀರು ಕಾಣಬೇಕಾದರೆ ಪೂರ್ತಿ ಒಣಗಬೇಕು.

## 3. ಆಕಾರ ಮತ್ತು ಬೈಟ್: ಪಾಲಿಶ್‌ಗಿಂತ ಮೊದಲು

ಇಲ್ಲೇ ಅತಿ ಹೆಚ್ಚು ಜನ ತಪ್ಪುವುದು. ಮೊದಲು ಪೂರ್ತಿ ಪಾಲಿಶ್ ಮಾಡುತ್ತಾರೆ. ಆಮೇಲೆ ರಬ್ಬರ್ ಡ್ಯಾಮ್ (ಹಲ್ಲಿಗೆ ಎಂಜಲು ತಾಗದಂತೆ ಕಟ್ಟಿದ ರಬ್ಬರ್ ಹಾಳೆ) ತೆಗೆದು ಬೈಟ್ ನೋಡುತ್ತಾರೆ. ಎತ್ತರ ಕಾಣುತ್ತದೆ, ಬರ್ ಹಿಡಿದು ತಗ್ಗಿಸುತ್ತಾರೆ, ಪೇಶೆಂಟ್ ಎದ್ದು ಹೋಗುತ್ತಾರೆ. ಈಗ ಇಡೀ ಫಿಲ್ಲಿಂಗ್‌ನಲ್ಲಿ ಒರಟಾಗಿ ಉಳಿದ ಜಾಗ ಯಾವುದು? ಎದುರಿನ ಹಲ್ಲು ದಿನಾ ತಿಕ್ಕುವ ಜಾಗವೇ. ಅಲ್ಲಿ ಫಿಲ್ಲಿಂಗೂ ಸವೆಯುತ್ತದೆ, ಎದುರಿನ ಎನಾಮೆಲ್ಲೂ ಸವೆಯುತ್ತದೆ.

ಆದ್ದರಿಂದ ಆಕಾರ, ಆಮೇಲೆ ಬೈಟ್, ಅದಾದ ಮೇಲಷ್ಟೇ ಪಾಲಿಶ್.

ಆಕಾರಕ್ಕೆ ಕೆಂಪು ಪಟ್ಟಿಯ ಬರ್, ನೀರು ಬಿಟ್ಟುಕೊಂಡು. ಬಾಯಿಯ ಮುಂಭಾಗದ ಹಲ್ಲಾದರೆ ಪಕ್ಕದ ಜೋಡಿ ಹಲ್ಲಿನ ಮೂಲೆಯ ಗೆರೆಗಳನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಅದೇ ಗೆರೆಗಳನ್ನು ಫಿಲ್ಲಿಂಗ್ ಮೇಲೂ ಎಳೆಯಿರಿ. ಎರಡೂ ಹಲ್ಲು ಒಂದೇ ಅಗಲ ಕಾಣುತ್ತವೋ ಇಲ್ಲವೋ ಅನ್ನುವುದು ಈ ಗೆರೆಗಳಿಂದ ತೀರ್ಮಾನವಾಗುತ್ತದೆ. ಬಾಯಿಯ ಎದುರಿನಿಂದ ಮಾತ್ರ ನೋಡಬೇಡಿ. ತಲೆಯ ಹಿಂದಿನಿಂದ, ಕಚ್ಚುವ ಅಂಚಿನ ಕಡೆಯಿಂದಲೂ ನೋಡಿ. ಫಿಲ್ಲಿಂಗ್‌ನ ಹೊಟ್ಟೆ ಉಬ್ಬಿದ್ದು ಅಲ್ಲಿಂದಲೇ ಕಾಣುವುದು.

ಬೈಟ್ ನೋಡುವಾಗ ಹಲ್ಲು ಒಣಗಿರಲಿ. ಮೊದಲು ಒಂದು ಬಣ್ಣದ ಪೇಪರ್ ಇಟ್ಟು ಪಕ್ಕಕ್ಕೆ, ಮುಂದಕ್ಕೆ ಉಜ್ಜಲು ಹೇಳಿ. ಆಮೇಲೆ ಇನ್ನೊಂದು ಬಣ್ಣದ್ದರಲ್ಲಿ ಸುಮ್ನೆ ಟಕ್ ಟಕ್ ಕಚ್ಚಲು ಹೇಳಿ. ಉಜ್ಜುವಾಗಿನ ಗುರುತು, ಕಚ್ಚುವ ಗುರುತು ಬೇರೆ ಬೇರೆ ಕಾಣುತ್ತವೆ. ಮರಗಟ್ಟಿದ ಬಾಯಿಯ ಮಾತನ್ನು ಪೂರ್ತಿ ನಂಬಬೇಡಿ. "ಸರಿ ಉಂಟು ಡಾಕ್ಟ್ರೇ" ಅಂದವರೇ ಮರುದಿನ "ಅನ್ನ ಜಗಿಯುವಾಗ ಎತ್ತರ ತಾಗ್ತದೆ" ಅಂತ ಫೋನ್ ಮಾಡುತ್ತಾರೆ. ಕುರ್ಚಿ ನೇರ ಮಾಡಿ, ಕೂತ ಭಂಗಿಯಲ್ಲಿ ಇನ್ನೊಮ್ಮೆ ಕಚ್ಚಿಸಿ. ಮಲಗಿದಾಗ ದವಡೆ ಸ್ವಲ್ಪ ಹಿಂದೆ ಸರಿದಿರುತ್ತದೆ.

ಮೇಲಿನ ಮುಂದಿನ ಹಲ್ಲಿಗೆ ಇನ್ನೊಂದು ಪರೀಕ್ಷೆ ಇದೆ. ಹಲ್ಲಿನ ಮೇಲೆ ಬೆರಳ ತುದಿ ಇಟ್ಟು ಕಚ್ಚಲು ಹೇಳಿ. ಪಕ್ಕದ ಹಲ್ಲಿಗಿಂತ ಜಾಸ್ತಿ ಕಂಪಿಸಿದರೆ ಹಿಂಭಾಗದಲ್ಲಿ ಎತ್ತರ ಉಳಿದಿದೆ.

ಈ ಹಂತದಲ್ಲಿ ಮೇಲ್ಮೈಯಲ್ಲಿ ಗಾಳಿಗುಳ್ಳೆಯ ತೂತು ಕಂಡರೆ ಈಗಲೇ ತುಂಬಿ. ಅದನ್ನು ಪಾಲಿಶ್ ಮಾಡಿ ಮರೆಸಲು ಹೋದರೆ ಪೇಸ್ಟ್ ಒಳಗೆ ಕೂತು ಕಪ್ಪು ಚುಕ್ಕೆ ಆಗುತ್ತದೆ.

## 4. ಅಂಚು

ಮುಂಚೆ ಹೇಳಿದ ಕಂದು ಗೆರೆ ಹುಟ್ಟುವುದು ಇಲ್ಲಿ. ಹಲ್ಲು ಎಲ್ಲಿ ಮುಗಿಯಿತು, ಫಿಲ್ಲಿಂಗ್ ಎಲ್ಲಿ ಶುರುವಾಯಿತು ಅನ್ನುವುದು ಎಕ್ಸ್‌ಪ್ಲೋರರ್‌ನ ಚೂಪು ತುದಿಗೆ ಗೊತ್ತಾಗಬಾರದು.

ಎಕ್ಸ್‌ಪ್ಲೋರರನ್ನು ಎರಡೂ ದಿಕ್ಕಿನಲ್ಲಿ ಓಡಿಸಿ. ಹಲ್ಲಿನಿಂದ ಫಿಲ್ಲಿಂಗ್ ಕಡೆಗೆ ಹೋಗುವಾಗ ಸಿಕ್ಕಿಕೊಂಡರೆ ಫಿಲ್ಲಿಂಗ್ ಎತ್ತರ ಇದೆ, ಇನ್ನೂ ತೆಗೆಯಬೇಕು. ಫಿಲ್ಲಿಂಗ್‌ನಿಂದ ಹಲ್ಲಿನ ಕಡೆಗೆ ಬರುವಾಗ ಸಿಕ್ಕಿಕೊಂಡರೆ ಫಿಲ್ಲಿಂಗ್ ತಗ್ಗಿದೆ. ಅಲ್ಲಿ ಉಜ್ಜುತ್ತಾ ಹೋದರೆ ಕೆಡುತ್ತದೆ, ಸೇರಿಸಬೇಕು. ಈ ಎರಡನ್ನು ಗುರುತಿಸದೆ ಎಲ್ಲಕ್ಕೂ ಬರ್ ಹಿಡಿಯುವವರು ಬಹಳ ಜನ.

ಹಳದಿ ಪಟ್ಟಿಯ ಬರ್ ಅಥವಾ 30 ಅಲಗಿನ ಕಾರ್ಬೈಡ್ ಹಿಡಿಯಿರಿ. ಗರಿಯಷ್ಟು ಹಗುರಾಗಿ, ಫಿಲ್ಲಿಂಗ್ ಕಡೆಯಿಂದ ಹಲ್ಲಿನ ಕಡೆಗೆ ಎಳೆಯಿರಿ. ಒಸಡಿನ ಹತ್ತಿರ, ಬೇರಿನ ಮೇಲೆ ಬರ್ ಬೇಡವೇ ಬೇಡ. ಬೇರಿನ ಮೇಲ್ಮೈ ಮೆತ್ತಗಿರುತ್ತದೆ, ಬರ್ ಒಂದು ಸಲ ಜಾರಿದರೆ ಸಾಲು ಬೀಳುತ್ತದೆ. ಅಲ್ಲಿ 12ನೇ ಬ್ಲೇಡ್ ಒಳ್ಳೆಯದು. ಬಾಗಿದ ಅಲಗನ್ನು ಹಲ್ಲಿಗೆ ತಾಗಿಸಿಟ್ಟು, ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ತೆಳ್ಳಗೆ ಹೆರೆದು ತೆಗೆಯಿರಿ. ಒಂದೇ ಸಲ ಎಲ್ಲ ತೆಗೆಯಲು ಹೋದರೆ ಫಿಲ್ಲಿಂಗ್‌ನ ಚೂರೇ ಕಿತ್ತು ಬರುತ್ತದೆ.

ಎಚ್ಚರಿಕೆಯ ಗುರುತು: ಅಂಚಿನುದ್ದಕ್ಕೂ ಬಿಳಿ ಗೆರೆ. ಕಾಂಪೋಸಿಟ್ ಗಟ್ಟಿಯಾಗುವಾಗ ಕುಗ್ಗಿ ಎಳೆದರೆ ಇದು ಬರಬಹುದು. ಒರಟು ಬರ್ ಅನ್ನು ನೀರಿಲ್ಲದೆ ಒತ್ತಿ ಹಿಡಿದರೂ ಬರುತ್ತದೆ. ಗೆರೆ ತೆಳ್ಳಗಿದ್ದರೆ ಅಷ್ಟು ಭಾಗವನ್ನು ಆಮ್ಲ ಹಚ್ಚಿ ಎಚ್ ಮಾಡಿ, ತೊಳೆದು ಒಣಗಿಸಿ, ತೆಳು ರೆಸಿನ್ ಹಚ್ಚಿ ಲೈಟ್ ಹಿಡಿಯಿರಿ. ಗೆರೆ ಅಗಲವಾಗಿದ್ದರೆ ಆ ಅಂಚನ್ನು ತೆಗೆದು ಮತ್ತೆ ಮಾಡುವುದೇ ದಾರಿ. ಮೇಲೆ ಹೊಳಪು ಕೊಟ್ಟು ಕಳಿಸಿದರೆ ಚಹಾ, ವೀಳ್ಯ, ಅರಿಶಿನ ಎಲ್ಲ ಅಲ್ಲೇ ಇಳಿಯುತ್ತದೆ.

## 5. ಡಿಸ್ಕ್‌ಗಳು

ಮುಂದಿನ ಹಲ್ಲುಗಳಿಗೆ, ಚಪ್ಪಟೆ ಮತ್ತು ಉಬ್ಬಿದ ಮೇಲ್ಮೈಗಳಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಇಲ್ಲಿ ಸಮಯ ಕೊಡಿ.

ನಾಲ್ಕು ಡಿಸ್ಕ್: ಒರಟು, ಮಧ್ಯಮ, ನಯ, ಅತಿ ನಯ. ಸಾಫ್-ಲೆಕ್ಸ್ ಬ್ರ್ಯಾಂಡ್‌ನಲ್ಲಿ ಗಾಢ ಬಣ್ಣ ಒರಟು, ಬಣ್ಣ ತಿಳಿಯಾದಷ್ಟೂ ನಯ. ಸೂಪರ್-ಸ್ನ್ಯಾಪ್‌ನಲ್ಲಿ ಕಪ್ಪು, ನೇರಳೆ, ಹಸಿರು, ಕೆಂಪು ಈ ಕ್ರಮ. ಒಂದು ಕಂಪನಿಯ ಎರಡು, ಇನ್ನೊಂದರ ಎರಡು ಅಂತ ಬೆರೆಸಬೇಡಿ. ಒಂದರ "ನಯ" ಇನ್ನೊಂದರ "ನಯ"ಕ್ಕೆ ಸಮ ಅಲ್ಲ.

ಮೇಲಿನ ಮುಂದಿನ ಹಲ್ಲಿನ ಮೇಲೆ ಮಧ್ಯಮ ಡಿಸ್ಕ್ ಓಡಿಸುವುದನ್ನು ಹತ್ತಿರದಿಂದ ನೋಡೋಣ. ಉಂಗುರ ಬೆರಳು ಪಕ್ಕದ ಹಲ್ಲಿನ ಮೇಲೆ ಊರಿರಬೇಕು. ಡಿಸ್ಕ್‌ನ ಹೊರ ಅಂಚಿನ ಭಾಗ ಮಾತ್ರ ಹಲ್ಲಿಗೆ ತಾಗಿ, ಸ್ವಲ್ಪ ಬಾಗಬೇಕು. ಫಿಲ್ಲಿಂಗ್‌ನಿಂದ ಹಲ್ಲಿನ ಕಡೆಗೆ ಎಳೆದು, ಎತ್ತಿ, ಮತ್ತೆ ಮುಟ್ಟಿಸಬೇಕು. ಒಂದೇ ಕಡೆ ನಿಲ್ಲಬಾರದು. ನಿಂತರೆ ಅಲ್ಲಿ ತಗ್ಗು ಬೀಳುತ್ತದೆ, ಬೆಳಕು ಬಿದ್ದಾಗ ಅದು ತಟ್ಟನೆ ಕಾಣುತ್ತದೆ. ಮೈಕ್ರೋಮೋಟರ್ ಶಬ್ದ ಕೇಳುತ್ತಿರಿ. ಒಂದೇ ಸಮ ಗುಂಯ್ ಅನ್ನುತ್ತಿರಬೇಕು. ಧ್ವನಿ ಇಳಿಯಿತು ಅಂದರೆ ನೀವು ಒತ್ತುತ್ತಿದ್ದೀರಿ.

ಒರಟು ಮತ್ತು ಮಧ್ಯಮ ಡಿಸ್ಕ್‌ಗೆ ನಿಮಿಷಕ್ಕೆ 10,000 ಸುತ್ತಿನ ಆಸುಪಾಸು ಸಾಕು. ಕೊನೆಯ ಎರಡಕ್ಕೆ ವೇಗ ಸ್ವಲ್ಪ ಹೆಚ್ಚಿಸಿ, ಒತ್ತಡ ಇನ್ನೂ ತಗ್ಗಿಸಿ. ಪ್ರತಿ ಡಿಸ್ಕ್‌ಗೆ ಒಂದು ಮೇಲ್ಮೈ ಮೇಲೆ 15ರಿಂದ 20 ಸೆಕೆಂಡ್ ಕೊಡಿ. ಅವಸರದಲ್ಲಿದ್ದಾಗ ನಾವು ಇಪ್ಪತ್ತು ಅಂದುಕೊಳ್ಳುವುದು ನಿಜದಲ್ಲಿ ಆರೋ ಏಳೋ ಇರುತ್ತದೆ. ಗಡಿಯಾರ ನೋಡಿ.

ಹಂತದಿಂದ ಹಂತಕ್ಕೆ ಹೋಗುವಾಗ ಮೂರು ಕೆಲಸ ತಪ್ಪಿಸಬೇಡಿ.

ಮೊದಲನೆಯದು ತೊಳೆಯುವುದು. ಒರಟು ಡಿಸ್ಕ್ ಬಿಟ್ಟ ಒಂದು ಕಣ ಮೇಲ್ಮೈಯಲ್ಲಿ ಉಳಿದರೂ ನಯದ ಡಿಸ್ಕ್ ಅದನ್ನೇ ಹಿಡಿದು ಹೊಸ ಗೀರು ಎಳೆಯುತ್ತದೆ. ನೀರು ಹೊಡೆದು, ಒಣಗಿಸಿ, ಆಮೇಲೆ ಮುಂದಿನದು.

ಎರಡನೆಯದು ದಿಕ್ಕು ಬದಲಿಸುವುದು. ಹಿಂದಿನ ಡಿಸ್ಕ್ ಅಡ್ಡ ಓಡಿದ್ದರೆ ಇದನ್ನು ಸ್ವಲ್ಪ ಓರೆ ಓಡಿಸಿ. ಹಳೇ ಗೀರು ಉಳಿದಿದ್ದರೆ ಹೊಸದರ ನಡುವೆ ಬೇರೆಯಾಗಿ ಕಾಣುತ್ತದೆ. ಅಂಚಿನಲ್ಲಿ ಮಾತ್ರ ಹಲ್ಲಿನ ಕಡೆಗೇ ಎಳೆಯಿರಿ.

ಮೂರನೆಯದಕ್ಕೆ ಪೆನ್ಸಿಲ್ ಬೇಕು. ಒಣಗಿದ ಮೇಲ್ಮೈಯ ಮೇಲೆ ಪೆನ್ಸಿಲ್‌ನಿಂದ ಹಗುರಾಗಿ ಗೀಚಿ. ಪೆನ್ಸಿಲ್‌ನ ಗ್ರಾಫೈಟ್ ಪುಡಿ ಗೀರುಗಳೊಳಗೆ ಕೂರುತ್ತದೆ. ಈಗ ಮುಂದಿನ ಡಿಸ್ಕ್ ಓಡಿಸಿ. ಎಲ್ಲಾದರೂ ಬೂದು ಗೆರೆ ಉಳಿಯಿತಾ? ಅಲ್ಲಿ ಹಿಂದಿನ ಹಂತ ಮುಗಿದಿಲ್ಲ. ಒಬ್ಬ ಹೌಸ್ ಸರ್ಜನ್ ಹುಡುಗಿ ಫಿಲ್ಲಿಂಗ್ ತೋರಿಸಿ "ಆಯ್ತು ಮೇಡಂ" ಅಂದಳು. ಒಣಗಿಸಿ ನೋಡಿದರೂ ಚೆನ್ನಾಗಿಯೇ ಕಂಡಿತು. ಪೆನ್ಸಿಲ್ ಗೀಚಿ ಒರೆಸಿದಾಗ ಒಸಡಿನ ಹತ್ತಿರ ಅರ್ಧಚಂದ್ರದ ಆಕಾರದಲ್ಲಿ ಐದಾರು ಬೂದು ಗೆರೆಗಳು ಉಳಿದವು. ಕೆಂಪು ಪಟ್ಟಿಯ ಬರ್‌ನವು ಅವು. ಅಷ್ಟು ಜಾಗಕ್ಕೆ ಮಧ್ಯಮ ಡಿಸ್ಕ್ ತಲುಪಿಯೇ ಇರಲಿಲ್ಲ. ಅವಳು ಸುಮ್ಮನೆ ಆ ಗೆರೆಗಳನ್ನೇ ಸ್ವಲ್ಪ ಹೊತ್ತು ನೋಡಿ, ಮಧ್ಯಮ ಡಿಸ್ಕ್ ಎತ್ತಿಕೊಂಡಳು.

ಬಿಸಿಯ ವಿಷಯ. 1965ರಲ್ಲಿ ಜಾಕ್ ಮತ್ತು ಕೊಹೆನ್ ಮಂಗಗಳ ಹಲ್ಲಿನ ಮೇಲೆ ಮಾಡಿದ ಪ್ರಯೋಗದಲ್ಲಿ, ಹಲ್ಲಿನೊಳಗಿನ ಜೀವಂತ ತಿರುಳಾದ ಪಲ್ಪ್‌ನ ತಾಪ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ ನೂರಕ್ಕೆ 15 ಪಲ್ಪ್‌ಗಳು ಚೇತರಿಸಿಕೊಳ್ಳಲಿಲ್ಲ. ನಂಬಿಕೆ ಬರದಿದ್ದರೆ ಶುದ್ಧ ಮಾಡಿದ, ಕಿತ್ತ ಹಲ್ಲೊಂದನ್ನು ಗ್ಲೌಸ್ ಹಾಕಿ ಬೆರಳಲ್ಲಿ ಹಿಡಿದು, ಒಣ ಡಿಸ್ಕನ್ನು ಬಿಡದೆ ಒತ್ತಿ ನೋಡಿ. ಕೆಲವೇ ಸೆಕೆಂಡಿನಲ್ಲಿ ಬೆರಳಿಗೆ ಬಿಸಿ ಗೊತ್ತಾಗುತ್ತದೆ. ನಯದ ಡಿಸ್ಕ್‌ಗಳನ್ನು ಒಣದಲ್ಲಿ ಓಡಿಸುವಾಗ ಮುಟ್ಟಿಸಿ ಎತ್ತಿ, ಮುಟ್ಟಿಸಿ ಎತ್ತಿ. ಸಿಸ್ಟರ್ ಪಕ್ಕದಿಂದ ಗಾಳಿ ಬಿಡುತ್ತಿರಲಿ.

ಇನ್ನೊಂದು ಸಣ್ಣ ತಪ್ಪು. ನಡುವೆ ಲೋಹದ ಕಣ್ಣಿರುವ ಡಿಸ್ಕ್ ಆದರೆ, ಆ ಲೋಹ ಫಿಲ್ಲಿಂಗ್‌ಗೆ ತಾಗಿದ ಕಡೆ ಬೂದು ಗುರುತು ಬೀಳುತ್ತದೆ. ಕಂಡ ಕೂಡಲೇ ನಿಲ್ಲಿಸಿ, ಡಿಸ್ಕ್‌ನ ಕೋನ ಸರಿ ಮಾಡಿ, ಗುರುತನ್ನು ಅದೇ ಹಂತದ ಡಿಸ್ಕ್‌ನಿಂದ ತೆಗೆಯಿರಿ. ಒಬ್ಬರಿಗೆ ಬಳಸಿದ ಡಿಸ್ಕ್ ಇನ್ನೊಬ್ಬರಿಗೆ ಬೇಡ.

## 6. ಮುಂದಿನ ಹಲ್ಲಿನ ಸಣ್ಣ ಗೆರೆಗಳು

ಹದಿನೆಂಟು ವರ್ಷದವರ ಹಲ್ಲನ್ನು ಒಣಗಿಸಿ ನೋಡಿ. ಅಡ್ಡಡ್ಡ ಅತಿ ಸಣ್ಣ ಅಲೆಗಳಿರುತ್ತವೆ. ಅರವತ್ತರವರಲ್ಲಿ ಅವು ಸವೆದುಹೋಗಿರುತ್ತವೆ. ಎಳೆಯ ಹಲ್ಲುಗಳ ನಡುವೆ ಒಂದು ಫಿಲ್ಲಿಂಗ್ ಮಾತ್ರ ಕನ್ನಡಿಯಂತಿದ್ದರೆ ಬಣ್ಣ ಎಷ್ಟೇ ಹೊಂದಿದರೂ ಅದು ಬೇರೆ ಅಂತ ಗೊತ್ತಾಗುತ್ತದೆ.

ಬೇಕಿದ್ದರೆ ಮಧ್ಯಮ ಡಿಸ್ಕ್ ಆದ ಮೇಲೆ, ಹಳದಿ ಪಟ್ಟಿಯ ಬರ್ ಅನ್ನು ನಿಧಾನ ವೇಗದಲ್ಲಿ ಅಡ್ಡಕ್ಕೆ ಹಗುರಾಗಿ ಎಳೆಯಿರಿ. ಅದರ ಮೇಲೆ ಡಿಸ್ಕ್ ಬೇಡ, ಅಲೆಯೆಲ್ಲ ಹೋಗುತ್ತದೆ. ರಬ್ಬರ್ ಕಪ್ ಮತ್ತು ಬ್ರಷ್‌ನಿಂದ ಮುಗಿಸಿ.

## 7. ಹಿಂದಿನ ಹಲ್ಲುಗಳು

ದವಡೆ ಹಲ್ಲಿನ ಮೇಲ್ಮೈಯ ತಗ್ಗು ಸಾಲುಗಳೊಳಗೆ ಡಿಸ್ಕ್ ಹೋಗುವುದಿಲ್ಲ. ಒತ್ತಿ ನುಗ್ಗಿಸಿದರೆ ನೀವು ಕಷ್ಟಪಟ್ಟು ಕೆತ್ತಿದ ಸಾಲೇ ಅಳಿಸಿಹೋಗುತ್ತದೆ. ಮೊಟ್ಟೆ ಆಕಾರದ ಹಳದಿ ಪಟ್ಟಿ ಆದ ಮೇಲೆ ಇಳಿಜಾರಿಗೆ ರಬ್ಬರ್ ಕಪ್, ಸಾಲಿಗೆ ಪಾಯಿಂಟ್, ಕೊನೆಗೆ ಬ್ರಷ್. ವೇಗ ಕಡಿಮೆ ಇರಲಿ, ನೀರು ಬಿಡುತ್ತಿರಿ. ರಬ್ಬರ್‌ನಲ್ಲಿ ಎರಡು ಮೂರು ಹಂತದ ಸೆಟ್ ಇದ್ದರೆ ಡಿಸ್ಕ್‌ನಷ್ಟೇ ಶಿಸ್ತಿನಿಂದ ಕ್ರಮ ಪಾಲಿಸಿ, ನಡುವೆ ತೊಳೆಯಿರಿ.

ಸುಟ್ಟ ರಬ್ಬರ್ ವಾಸನೆ ಬಂದರೆ ನೀವು ಒತ್ತುತ್ತಿದ್ದೀರಿ, ಅಥವಾ ನೀರು ಸಾಲುತ್ತಿಲ್ಲ.

## 8. ಸಂದು

ಹೊರಗೆ ಕಾಣದ ಭಾಗ ಅಂತ ಇದನ್ನು ಬಿಡುವವರು ತುಂಬಾ. ಒಸಡು ಕೆಂಪಾಗಿ ರಕ್ತ ಬರುವುದು ಇಲ್ಲಿಯ ಒರಟಿನಿಂದಲೇ.

ಫಿನಿಶಿಂಗ್ ಸ್ಟ್ರಿಪ್‌ನ ನಡುವೆ ಉಜ್ಜುವ ಪುಡಿ ಇಲ್ಲದ ಖಾಲಿ ಭಾಗ ಇರುತ್ತದೆ. ಅದನ್ನೇ ಮೊದಲು ಕಾಂಟ್ಯಾಕ್ಟ್ (ಎರಡು ಹಲ್ಲು ಒಂದಕ್ಕೊಂದು ತಾಗುವ ಜಾಗ) ದಾಟಿಸಿ ಒಸಡಿನ ಕಡೆಗೆ ಇಳಿಸಿ. ಆಮೇಲೆ ಒರಟು ಭಾಗವನ್ನು ಕಾಂಟ್ಯಾಕ್ಟ್‌ನ ಕೆಳಗೆ, ಹಲ್ಲಿನ ಉಬ್ಬಿಗೆ ಸುತ್ತಿದ ಹಾಗೆ ಬಾಗಿಸಿ ಓಡಿಸಿ. ಒರಟು ಭಾಗವನ್ನು ಕಾಂಟ್ಯಾಕ್ಟ್ ಮೂಲಕ ಹಿಂದೆ ಮುಂದೆ ಎಳೆಯಲೇಬಾರದು.

ನಾನು ಈ ತಪ್ಪು ಮಾಡಿದ್ದೇನೆ. ಕ್ಲಿನಿಕ್ ಇಟ್ಟ ಮೊದಲ ವರ್ಷಗಳಲ್ಲಿ, ಮೇ ತಿಂಗಳಲ್ಲಿ, ಒಬ್ಬ ಅಮ್ಮನಿಗೆ ದವಡೆಯ ಎರಡು ಹಲ್ಲಿನ ನಡುವೆ ಫಿಲ್ಲಿಂಗ್ ಮಾಡಿದೆ. ಫ್ಲಾಸ್ ಬಿಗಿ ಅನ್ನಿಸಿತು ಅಂತ ಸ್ಟ್ರಿಪ್ಪನ್ನು ಗರಗಸದ ಹಾಗೆ ಎಳೆದೆ. ಫ್ಲಾಸ್ ಸಲೀಸಾಗಿ ಹೋಯಿತು, ನನಗೂ ಸಮಾಧಾನವಾಯಿತು. ಒಂದು ವಾರಕ್ಕೆ ಅವರು ಕೆನ್ನೆ ಹಿಡಿದುಕೊಂಡು ಬಂದರು. ಹಲಸಿನ ಹಣ್ಣಿನ ನಾರು ಆ ಸಂದಿಗೆ ಇಳಿದು, ಒಸಡು ಊದಿ ಮಾತಾಡಲೂ ಆಗುತ್ತಿರಲಿಲ್ಲ. ನಾರು ತೆಗೆದು, ಫಿಲ್ಲಿಂಗ್ ಪೂರ್ತಿ ತೆಗೆದು, ಬೆಣೆ ಹಾಕಿ, ಹಲ್ಲಿನ ಸುತ್ತ ಮ್ಯಾಟ್ರಿಕ್ಸ್ ಪಟ್ಟಿ ಕಟ್ಟಿ ಹೊಸದಾಗಿ ಮಾಡಿದೆ. ಸವೆದ ಕಾಂಟ್ಯಾಕ್ಟ್‌ಗೆ ಬೇರೆ ಪರಿಹಾರ ಇಲ್ಲ.

ಫ್ಲಾಸ್ ಕಾಂಟ್ಯಾಕ್ಟ್ ದಾಟುವಾಗ ಟಪ್ ಅಂತ ಸಣ್ಣ ಶಬ್ದ ಬರಬೇಕು. ಎಳೆ ಬಿಚ್ಚಿಕೊಂಡರೆ ಎಲ್ಲೋ ತರಿ ಇದೆ. ಯಾವ ಎತ್ತರದಲ್ಲಿ ಬಿಚ್ಚಿತು ನೋಡಿ, ಅಷ್ಟೇ ಜಾಗಕ್ಕೆ ಸ್ಟ್ರಿಪ್ ಹಿಡಿಯಿರಿ.

## 9. ಪೇಸ್ಟ್

ಇಷ್ಟಾದ ಮೇಲೆ ಪೇಸ್ಟ್‌ನ ಸರದಿ. ಇಲ್ಲಿಗೆ ಬರುವ ಹೊತ್ತಿಗೆ ಫಿಲ್ಲಿಂಗ್ ಒಣಗಿದ್ದಾಗಲೂ ರೇಷ್ಮೆಯಂಥ ಹೊಳಪು ಕೊಡುತ್ತಿರಬೇಕು. ಕೊಡದಿದ್ದರೆ ಪೇಸ್ಟ್ ಮುಚ್ಚಿಟ್ಟು ಡಿಸ್ಕ್‌ಗೆ ಹಿಂತಿರುಗಿ.

ಫೆಲ್ಟ್ ಅಥವಾ ಮೆತ್ತಗಿನ ಬ್ರಷ್‌ನಲ್ಲಿ ಚಿಟಿಕೆಯಷ್ಟು ಪೇಸ್ಟ್ ಸಾಕು. ಎರಡು ಬಗೆಯಿದ್ದರೆ ಡೈಮಂಡ್ ಮೊದಲು, ಅತಿ ಸಣ್ಣ ಅಲ್ಯೂಮಿನಿಯಂ ಆಕ್ಸೈಡ್ ಆಮೇಲೆ, ನಡುವೆ ತೊಳೆದು, ಬೇರೆ ಬೇರೆ ಫೆಲ್ಟ್‌ನಲ್ಲಿ. ಕೊನೆಯ ಕೆಲವು ಸೆಕೆಂಡ್ ಎರಡು ಹನಿ ನೀರು ಹಾಕಿ, ಒತ್ತದೆ ಓಡಿಸಿ.

ಎಲ್ಲ ಕಾಂಪೋಸಿಟ್‌ಗೂ ಒಂದೇ ಹೊಳಪು ಬರುವುದಿಲ್ಲ. ಸಣ್ಣ ಕಣದ ನ್ಯಾನೋಫಿಲ್, ಮೈಕ್ರೋಫಿಲ್ ಬಗೆಯವು ಚೆನ್ನಾಗಿ ಹೊಳೆಯುತ್ತವೆ, ಹೊಳಪು ಬಹಳ ದಿನ ಉಳಿಯುತ್ತದೆ. ದವಡೆಗೆ ಅಂತ ಮಾಡಿದ ದಪ್ಪ ಕಣದ ವಸ್ತುವನ್ನು ಮುಂದಿನ ಹಲ್ಲಿಗೆ ಹಾಕಿ, ಆಮೇಲೆ ಪೇಸ್ಟ್ ಬದಲಿಸುತ್ತಾ ಕೂತರೆ ಪ್ರಯೋಜನವಿಲ್ಲ.

## ಗ್ಲಾಸ್ ಅಯನಮರ್‌ಗೆ ಬೇರೆ ಲೆಕ್ಕ

ಗ್ಲಾಸ್ ಅಯನಮರ್ ಇನ್ನೊಂದು ಬಗೆಯ ಫಿಲ್ಲಿಂಗ್. ಇದೂ ಹಲ್ಲಿನ ಬಣ್ಣದ್ದೇ, ಆದರೆ ಇದೇ ಕ್ರಮ ಇದಕ್ಕೆ ನಡೆಯುವುದಿಲ್ಲ. ಸಾದಾ ಗ್ಲಾಸ್ ಅಯನಮರ್ ಮೊದಲ ದಿನ ಪೂರ್ತಿ ಪಕ್ವವಾಗಿರುವುದಿಲ್ಲ. ಬೇಗ ನೀರು ತಾಗಿದರೆ ಮೇಲ್ಮೈ ಕರಗುತ್ತದೆ, ಜಾಸ್ತಿ ಒಣಗಿಸಿದರೆ ಬಿರುಕು ಬಿಡುತ್ತದೆ. ವಾರ್ನಿಶ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, 24 ಗಂಟೆ ಬಿಟ್ಟು ಪಾಲಿಶ್ ಮಾಡಬೇಕು. ಬೆಳ್ತಂಗಡಿಯಿಂದಲೋ ಬೈಂದೂರಿನಿಂದಲೋ ಎರಡು ಬಸ್ ಹತ್ತಿ ಬಂದವರಿಗೆ "ನಾಳೆ ಬನ್ನಿ" ಅನ್ನುವುದು ಕಷ್ಟ, ಅಲ್ವಾ? ಅಂಥವರಿಗೆ ಮ್ಯಾಟ್ರಿಕ್ಸ್ ಸರಿಯಾಗಿ ಒತ್ತಿ, ಹೆಚ್ಚಿನದು ಉಳಿಯದ ಹಾಗೆ ಮಾಡಿ. ಅಂಚಿನ ಚೂರನ್ನು ಬ್ಲೇಡ್‌ನಿಂದ ತೆಗೆದು, ವಾರ್ನಿಶ್ ಹಚ್ಚಿ ಕಳಿಸಿ. ಲೈಟ್‌ನಿಂದ ಗಟ್ಟಿಯಾಗುವ ಬಗೆಯಾದರೆ ಅದೇ ದಿನ ಮಾಡಬಹುದು, ನೀರು ಬಿಟ್ಟುಕೊಂಡು.

## 10. ಕಳಿಸುವ ಮುನ್ನ

ತೊಳೆದು, ಪೂರ್ತಿ ಒಣಗಿಸಿ, ತಲೆಯ ಮೇಲಿನ ಲೈಟನ್ನು ಪಕ್ಕಕ್ಕೆ ಸರಿಸಿ ಓರೆ ಬೆಳಕಿನಲ್ಲಿ ನೋಡಿ. ನೇರ ಬೆಳಕಿನಲ್ಲಿ ಗೀರು ಅಡಗುತ್ತದೆ. ಅಂಚಿಗೆ ಎಕ್ಸ್‌ಪ್ಲೋರರ್, ಸಂದಿಗೆ ಫ್ಲಾಸ್. ಆಮೇಲೆ ಪೇಶೆಂಟ್‌ಗೆ ಹೇಳಿ: "ನಾಲಿಗೆ ಆಡಿಸಿ ನೋಡಿ, ಎಲ್ಲಿ ತಾಗ್ತದೆ ಹೇಳಿ." ನಾಲಿಗೆ ಮರಗಟ್ಟಿರದಿದ್ದರೆ ಅದು ನಮ್ಮ ಯಾವ ಉಪಕರಣಕ್ಕೂ ಕಡಿಮೆಯಿಲ್ಲ. ಅವರು ಬೆರಳು ತೋರಿಸಿದ ಜಾಗವನ್ನು ವಾದ ಮಾಡದೆ ಮತ್ತೆ ನೋಡಿ.

ಕಾಂಪೋಸಿಟ್ ಮೊದಲ 24 ಗಂಟೆ ಒಳಗೊಳಗೇ ಗಟ್ಟಿಯಾಗುತ್ತಿರುತ್ತದೆ. ಒಂದೆರಡು ದಿನ ಅರಿಶಿನ ಜಾಸ್ತಿ ಇರುವ ಪದಾರ್ಥ, ಕಡು ಚಹಾ ಬೇಡ ಅನ್ನಿ. ವೀಳ್ಯ ಹಾಕುವವರಿಗೆ ಕಲೆ ಬೇಗ ಬರುತ್ತದೆ ಅಂತ ಮೊದಲೇ ಹೇಳಿ. ಮುಂದಿನ ಹಲ್ಲಿನ ಅಂಚಿಗೆ ಫಿಲ್ಲಿಂಗ್ ಆಗಿದ್ದರೆ ಕೋರಿ ರೊಟ್ಟಿಯನ್ನು ಒಣದಾಗಿ ಕಡಿಯಬೇಡಿ, ಸಾರಿನಲ್ಲಿ ನೆನೆಸಿಯೇ ತಿನ್ನಿ ಅನ್ನಿ.

ಮುಂದೆ ಹಲ್ಲು ಕ್ಲೀನ್ ಮಾಡಿಸುವಾಗ ಅಲ್ಟ್ರಾಸೋನಿಕ್ ಸ್ಕೇಲರ್‌ನ ತುದಿ ಫಿಲ್ಲಿಂಗ್ ಮೇಲೆ ಓಡಬಾರದು. ಆಮ್ಲೀಯ ಫ್ಲೋರೈಡ್ ಜೆಲ್ಲೂ ಬೇಡ, ಅದು ಗಾಜಿನ ಫಿಲ್ಲರನ್ನು ತಿನ್ನುತ್ತದೆ. ತಟಸ್ಥ ಸೋಡಿಯಂ ಫ್ಲೋರೈಡ್ ಬಳಸಿ. ಇದನ್ನು ಪೇಶೆಂಟ್‌ನ ಕಾರ್ಡ್‌ನಲ್ಲೇ ಬರೆದಿಡಿ.

ಆರು ತಿಂಗಳಿಗೆ ಕರೆದು ನೋಡಿ. ಮೇಲ್ಮೈ ಮಾತ್ರ ಮಂಕಾಗಿದ್ದರೆ ನಯದ ಡಿಸ್ಕ್‌ನಿಂದ ಶುರು ಮಾಡಿ, ಹತ್ತು ನಿಮಿಷದ ಕೆಲಸ. ಅಂಚಿನಲ್ಲಿ ಕಲೆ ಇದ್ದರೆ ಮಧ್ಯಮದಿಂದ ಶುರು ಮಾಡಿ. ಉಜ್ಜಿದ ಮೇಲೂ ಗೆರೆ ಒಳಗೆ ಇಳಿದಂತೆ ಕಂಡರೆ, ಅಥವಾ ಅದರ ಪಕ್ಕದ ಹಲ್ಲು ಮೆತ್ತಗಾಗಿದ್ದರೆ, ಡಿಸ್ಕ್ ಕೆಳಗಿಟ್ಟು ಎಕ್ಸ್‌-ರೇ ತೆಗೆಯಿರಿ. ಅಷ್ಟು ಭಾಗ ಬಿಚ್ಚಿ ಹೊಸದಾಗಿ ತುಂಬಬೇಕಾಗಬಹುದು.